ಅರ್ಜಿ ಹಾಕಿ ಪಡೆದ ಶಾಲೆ

ಊರಿಗೆ ಹೋದಾಗ ನಮ್ಮ ಸೋದರಮಾವ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ನಿನ್ನ ಮಗಳು ಅಮೆರಿಕದಲ್ಲಿ ಕಲಿಯುವುದು ಸರ್ಕಾರಿ ಶಾಲೆಯಲ್ಲೋ, ಖಾಸಗಿ ಶಾಲೆಯಲ್ಲೋ?" ಅವರು ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅರೆಬರೆ ಉತ್ತರವನ್ನು ಸಹಿಸುವವರಲ್ಲ. ಅದಕ್ಕೇ ಅವರ ಶಾಲೆಯಿಂದಲೇ ಶುರು ಮಾಡುತ್ತೇನೆ. "ಮಾವ, ನಿಮ್ಮ ಶಾಲೆಯಲ್ಲಿ ಆಡಳಿತ ಮಂಡಳಿ ಖಾಸಗಿ, ಸಂಬಳ ಸರ್ಕಾರದ್ದು. ಇದಕ್ಕೆ ಚಾರ್ಟರ್ ಶಾಲೆ ಎನ್ನುತ್ತಾರೆ, ಇದೂ ಹೆಚ್ಚುಕಡಿಮೆ ಹಾಗೆಯೇ. ಆದರೆ ಶುಲ್ಕ ಪಡೆಯುವಂತಿಲ್ಲ, ಡೊನೇಷನ್ ಕೇಳುವಂತಿಲ್ಲ, ಮತ ಬೋಧಿಸುವಂತಿಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಸಾಮಾನ್ಯವಾಗಿ ಚೀಟಿ ಎತ್ತಬೇಕು. ಶಿಕ್ಷಕರನ್ನು ನೇಮಿಸುವುದು, ಪಾಠ ಹೇಗೆ ನಡೆಯಬೇಕೆಂದು ನಿರ್ಧರಿಸುವುದು ಮಂಡಳಿಯ ಕೈಯಲ್ಲಿ. ಅದಕ್ಕೆ ಪ್ರತಿಯಾಗಿ ಸರ್ಕಾರದೊಂದಿಗೆ ಕೆಲವು ವರ್ಷಗಳ ಕರಾರು, ಅದೇ ಚಾರ್ಟರ್. ಮಕ್ಕಳ ಕಲಿಕೆ ಸಾಲದೆಂದು ಕಂಡರೆ ಕರಾರು ರದ್ದು, ಶಾಲೆ ಮುಚ್ಚಬಹುದು ಅಥವಾ ಬೇರೆಯವರ ಕೈಗೆ ಹೋಗಬಹುದು." ಮಾವ ಸ್ವಲ್ಪ ಹೊತ್ತು ಯೋಚಿಸಿ, "ಆ ಮಂಡಳಿಯವರು ಯಾರು?" ಎಂದರು.

ಇಡೀ ವಿಷಯದ ಗಂಟು ಇರುವುದು ಅಲ್ಲೇ. ನಾನಿರುವುದು ಅಮೆರಿಕದ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್‌ನಲ್ಲಿ, ಮಿಡ್-ಸಿಟಿ ಎಂಬ ಬಡಾವಣೆಯಲ್ಲಿ. ಈ ನಗರದಲ್ಲಿ ಚಾರ್ಟರ್ ಶಾಲೆಗಳ ಮಂಡಳಿಗಳಲ್ಲಿ ವಕೀಲರಿದ್ದಾರೆ, ಬ್ಯಾಂಕಿನವರಿದ್ದಾರೆ, ಹಲವು ಶಾಲೆಗಳನ್ನು ಒಟ್ಟಿಗೆ ನಡೆಸುವ ದೊಡ್ಡ ಸಂಸ್ಥೆಗಳಿವೆ. ಅಪರೂಪಕ್ಕೆ, ಶಾಲೆಯ ಗೋಡೆಗೆ ತಾಗಿದ ಬೀದಿಯಲ್ಲಿ ವಾಸಿಸುವ ಜನರೂ ಇದ್ದಾರೆ. ನನಗೆ ಬರೆಯಬೇಕೆನಿಸಿರುವುದು ಆ ಕೊನೆಯವರ ಬಗ್ಗೆ. ಒಂದು ನೆರೆಹೊರೆಯ ಜನ ಸೇರಿ ತಮ್ಮ ಮಕ್ಕಳಿಗೆ, ತಮ್ಮದಲ್ಲದ ಮಕ್ಕಳಿಗೂ, ಒಂದು ಸಾರ್ವಜನಿಕ ಶಾಲೆ ತೆರೆಯಲು ಹೊರಡುವುದು ಎಂಥ ಕೆಲಸ, ಅದು ಅವರಿಂದ ಏನನ್ನು ಕೇಳುತ್ತದೆ, ಕೊನೆಗೆ ಅವರಿಗೆ ಏನು ಉಳಿಸುತ್ತದೆ ಎಂಬುದರ ಬಗ್ಗೆ.

ಚಾರ್ಟರ್ ಶಾಲೆಯ ಕಲ್ಪನೆಯನ್ನು ದೇಶದ ಮುಂದಿಟ್ಟವರಲ್ಲಿ ಮುಖ್ಯರು ಶಿಕ್ಷಕರ ಸಂಘದ ನಾಯಕ ಆಲ್ಬರ್ಟ್ ಶಾಂಕರ್ ಎಂಬುದು ಹಲವರಿಗೆ ಅಚ್ಚರಿ ತರುತ್ತದೆ. 1988ರಲ್ಲಿ ಅವರು ಹೇಳಿದ್ದು ಸರಳವಾಗಿತ್ತು: ಶಿಕ್ಷಕರ ಸಣ್ಣ ಗುಂಪುಗಳಿಗೆ ಹೊಸ ಬಗೆಯಲ್ಲಿ ಕಲಿಸಿ ನೋಡುವ ಸ್ವಾತಂತ್ರ್ಯ ಕೊಡಿ, ಫಲ ಕಂಡದ್ದನ್ನು ಎಲ್ಲ ಶಾಲೆಗಳಿಗೂ ಒಯ್ಯಿರಿ. 1991ರಲ್ಲಿ ಮಿನ್ನೆಸೋಟ ರಾಜ್ಯ ಮೊದಲ ಕಾನೂನು ಮಾಡಿತು. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಸಿಟಿ ಅಕಾಡೆಮಿ ಎಂಬ ಮೊದಲ ಚಾರ್ಟರ್ ಶಾಲೆ ಬಾಗಿಲು ತೆರೆಯಿತು. ಕಲ್ಪನೆ ಬೇರೆಯವರ ಕೈಗೆ ಸಿಕ್ಕಿ ಬೇರೆ ದಾರಿ ಹಿಡಿಯುತ್ತಿದ್ದಂತೆ ಶಾಂಕರ್ ಅದರಿಂದ ದೂರ ಸರಿದರು. ಲೂಯಿಸಿಯಾನದ ಕಾನೂನು ಬಂದದ್ದು 1995ರಲ್ಲಿ. ಹತ್ತು ವರ್ಷ ಅದರಿಂದ ದೊಡ್ಡ ಬದಲಾವಣೆಯೇನೂ ಆಗಲಿಲ್ಲ.

ಆಮೇಲೆ ಕತ್ರಿನಾ ಚಂಡಮಾರುತ ಬಂತು.

2005ರ ಆಗಸ್ಟ್ 29. ಒಡ್ಡುಗಳು ಒಡೆದು ನಗರದ ಸುಮಾರು ಶೇ. 80 ಭಾಗ ನೀರಿನಲ್ಲಿ ಮುಳುಗಿತು. ಜನ ಹ್ಯೂಸ್ಟನ್‌ಗೆ, ಅಟ್ಲಾಂಟಾಕ್ಕೆ, ಬ್ಯಾಟನ್ ರೂಜ್‌ಗೆ ಚದುರಿಹೋದರು. ಅವರು ಇನ್ನೂ ಹಿಂದಿರುಗಿರಲಿಲ್ಲ, ಅಷ್ಟರಲ್ಲೇ ಅವರ ಶಾಲೆಗಳ ಒಡೆತನ ಬದಲಾಯಿತು. ಚಾರ್ಟರ್ ಶಾಲೆಗಳಿಗೆಂದೇ ಕೇಂದ್ರ ಸರ್ಕಾರದಿಂದ 2.09 ಕೋಟಿ ಡಾಲರ್ ಬಂತು. ಇರುವ ಶಾಲೆಯೊಂದನ್ನು ಚಾರ್ಟರ್ ಶಾಲೆಯಾಗಿ ಬದಲಿಸಲು ಅಲ್ಲಿನ ಶಿಕ್ಷಕರೂ ಪೋಷಕರೂ ಒಪ್ಪಬೇಕೆಂಬ ನಿಯಮವಿತ್ತು. ರಾಜ್ಯಪಾಲೆ ಕ್ಯಾಥ್ಲೀನ್ ಬ್ಲಾಂಕೊ ಅದನ್ನು ಆದೇಶದ ಮೂಲಕ ಅಮಾನತಿನಲ್ಲಿಟ್ಟರು. ನವೆಂಬರಿನಲ್ಲಿ ಶಾಸನಸಭೆ 'ಆ್ಯಕ್ಟ್ 35' ಅಂಗೀಕರಿಸಿತು. ಅದುವರೆಗೆ ರಾಜ್ಯದ ಅಳತೆಯಲ್ಲಿ 60ಕ್ಕಿಂತ ಕಡಿಮೆ ಅಂಕ ಪಡೆದ ಶಾಲೆ ಮಾತ್ರ ವಿಫಲ ಶಾಲೆ ಎನಿಸಿಕೊಳ್ಳುತ್ತಿತ್ತು. ಹೊಸ ಕಾನೂನು ಆ ಗೆರೆಯನ್ನು ರಾಜ್ಯದ ಸರಾಸರಿಯಾದ 87.4ಕ್ಕೆ ಏರಿಸಿತು. ಅಲ್ಲಿಗೆ ನಗರದ ನೂರಕ್ಕೂ ಹೆಚ್ಚು ಶಾಲೆಗಳು ಚುನಾಯಿತ ಸ್ಥಳೀಯ ಶಾಲಾ ಮಂಡಳಿಯ ಕೈತಪ್ಪಿ, ರಾಜ್ಯ ನಡೆಸುವ ರಿಕವರಿ ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ಸಂಸ್ಥೆಗೆ ಸೇರಿದವು.

ಸ್ಥಳೀಯ ಮಂಡಳಿ ಅದಕ್ಕೂ ಮೊದಲು ಚೆನ್ನಾಗಿ ನಡೆಯುತ್ತಿತ್ತು ಎಂದು ನಾನು ಹೇಳಲಾರೆ. ಲೆಕ್ಕಪತ್ರ ಹಳ್ಳ ಹಿಡಿದಿತ್ತು, ತನಿಖೆಗಳು ನಡೆದಿದ್ದವು, ಮಂಡಳಿಯ ಮಾಜಿ ಅಧ್ಯಕ್ಷೆಯೊಬ್ಬರು 2007ರಲ್ಲಿ ಲಂಚ ಪಡೆದದ್ದನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಕೆಟ್ಟ ಕಟ್ಟಡಗಳಲ್ಲಿ, ಸೋರುವ ಛಾವಣಿಯ ಕೆಳಗೆ ಮಕ್ಕಳು ಕುಳಿತಿದ್ದರು. ಸುಧಾರಣೆ ಬೇಕಿತ್ತು ಎಂಬುದರಲ್ಲಿ ಇಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಮಂಡಳಿಯ ಸುಮಾರು 7,500 ನೌಕರರನ್ನು, ಶಿಕ್ಷಕರಿಂದ ಹಿಡಿದು ಅಡುಗೆಯವರವರೆಗೆ, ಒಂದೇ ಏಟಿಗೆ ಕೆಲಸದಿಂದ ತೆಗೆದರು. ವಜಾಪತ್ರಗಳನ್ನು ಕಳುಹಿಸಿದ್ದು ಅವರ ಹಳೆಯ ವಿಳಾಸಗಳಿಗೆ. ಅವುಗಳಲ್ಲಿ ಎಷ್ಟೋ ಮನೆಗಳನ್ನು ನೀರು ತಿಂದುಹಾಕಿತ್ತು. ನಮ್ಮ ಬೀದಿಯಲ್ಲಿ ಅಂಥ ಒಬ್ಬ ಶಿಕ್ಷಕಿ ಇದ್ದಾರೆ. ಇಲ್ಲಿಯ ರೂಢಿಯಂತೆ ಎಲ್ಲರೂ ಅವರನ್ನು ಹೆಸರಿನ ಮೊದಲು 'ಮಿಸ್' ಸೇರಿಸಿ ಕರೆಯುತ್ತಾರೆ. ಧಾರವಾಡದ ಕಡೆಯಿಂದ ಬಂದ ನನಗೆ ಅವರು ಮೊದಲ ದಿನದಿಂದಲೂ ಅಕ್ಕೋರು. ಆ ನೌಕರರು ಹೂಡಿದ ಮೊಕದ್ದಮೆ ಕೆಳಗಿನ ನ್ಯಾಯಾಲಯದಲ್ಲಿ 2012ರಲ್ಲಿ ಗೆದ್ದಿತು, ಮೇಲ್ಮನವಿಯಲ್ಲೂ ಗೆದ್ದಿತು, 2014ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಮರುವರ್ಷ ದೇಶದ ಸುಪ್ರೀಂ ಕೋರ್ಟು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಅಕ್ಕೋರು ಈ ತೀರ್ಪಿನ ಬಗ್ಗೆ ಹೆಚ್ಚು ಮಾತನಾಡುವುದಿಲ್ಲ. ತಾವು ಓದಲು ಕಲಿಸಿದ ಹುಡುಗರು ಈಗ ಎಲ್ಲೆಲ್ಲಿದ್ದಾರೆ, ಯಾವ ಕೆಲಸದಲ್ಲಿದ್ದಾರೆ ಎಂಬುದನ್ನು ಮಾತ್ರ ಮನೆಮನೆಯ ಲೆಕ್ಕದಲ್ಲಿ ಹೇಳುತ್ತಾರೆ. ನಗರದ ಶಿಕ್ಷಕರಲ್ಲಿ ಕಪ್ಪು ಜನರ ಪಾಲು 2005ರಲ್ಲಿ ಶೇ. 71 ಇದ್ದದ್ದು ಸುಮಾರು ಎಂಟು ವರ್ಷಗಳಲ್ಲಿ ಶೇ. 49ಕ್ಕೆ ಇಳಿಯಿತು. ಒಂದು ಶಾಲೆಯ ನೆನಪನ್ನು ಹೊತ್ತವರು ಶಾಲೆಯಿಂದ ಹೊರಗೆ ಹೋದರು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಅಂಕಿ ನನಗೆ ಗೊತ್ತಿಲ್ಲ.

ಈ ನಗರದಲ್ಲಿ ಶಾಲೆಯ ಕಟ್ಟಡಕ್ಕೆ ಜನ ಅಷ್ಟೊಂದು ಅಂಟಿಕೊಂಡಿರುವುದೇಕೆ ಎಂದು ಹೊರಗಿನವರು ಕೇಳುವುದುಂಟು. 1960ರ ನವೆಂಬರ್ 14ರಂದು ಆರು ವರ್ಷದ ಕಪ್ಪು ಹುಡುಗಿ ರೂಬಿ ಬ್ರಿಡ್ಜಸ್ ಕೇಂದ್ರದ ಮಾರ್ಷಲ್‌ಗಳ ಕಾವಲಿನಲ್ಲಿ, ಕಿರುಚುವ ಜನರ ನಡುವೆ, ಅದುವರೆಗೆ ಬಿಳಿಯರಿಗೆ ಮಾತ್ರ ಇದ್ದ ವಿಲಿಯಂ ಫ್ರಾಂಟ್ಸ್ ಶಾಲೆಯ ಮೆಟ್ಟಿಲು ಹತ್ತಿದ್ದು ಇದೇ ಊರಿನಲ್ಲಿ. ಅದೇ ದಿನ ಮೆಕ್‌ಡೊನೋ 19 ಎಂಬ ಶಾಲೆಗೆ ಇನ್ನು ಮೂವರು ಪುಟ್ಟ ಹುಡುಗಿಯರು ಕಾಲಿಟ್ಟರು. ಅವರಲ್ಲಿ ಒಬ್ಬರಾದ ಲಿಯೋನಾ ಟೇಟ್, ಚಂಡಮಾರುತದ ನಂತರ ಖಾಲಿ ಬಿದ್ದಿದ್ದ ಆ ಕಟ್ಟಡವನ್ನು ಉಳಿಸಲು ವರ್ಷಗಟ್ಟಲೆ ಓಡಾಡಿದರು. 2022ರಲ್ಲಿ ಅದು ಇತಿಹಾಸದ ಕೇಂದ್ರವಾಗಿಯೂ ಹಿರಿಯರ ವಸತಿಯಾಗಿಯೂ ಬಾಗಿಲು ತೆರೆಯಿತು. ಒಳಗೆ ಹೋಗುವ ಹಕ್ಕಿಗಾಗಿ ಒಂದು ತಲೆಮಾರು ಅಷ್ಟು ಬೆಲೆ ತೆತ್ತ ಮೇಲೆ, ಆ ಶಾಲೆ ಯಾರದೋ ಕಚೇರಿಯ ಕಡತದಲ್ಲಿ 'ಹೆಚ್ಚುವರಿ ಕಟ್ಟಡ' ಎಂದು ದಾಖಲಾಗುವುದನ್ನು ಜನ ಸುಮ್ಮನೆ ನೋಡಿಕೊಂಡಿರಲು ಹೇಗೆ ಸಾಧ್ಯ?

2006ರ ಜನವರಿಯಲ್ಲಿ, ನಗರದ ಪುನರ್ನಿರ್ಮಾಣಕ್ಕೆಂದು ಮೇಯರ್ ರೇ ನೇಗಿನ್ ನೇಮಿಸಿದ ಆಯೋಗದ ಯೋಜನೆ ಹೊರಬಿತ್ತು. ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾದ ನಕ್ಷೆಯಲ್ಲಿ ತಗ್ಗು ಪ್ರದೇಶದ ಕೆಲವು ಬಡಾವಣೆಗಳ ಮೇಲೆ ಹಸಿರು ಚುಕ್ಕೆಗಳಿದ್ದವು. ಮುಂದೆ ಉದ್ಯಾನವಾಗಬಹುದಾದ ಜಾಗ ಎಂದು ಅದರ ಅರ್ಥ. ಬ್ರಾಡ್‌ಮೂರ್ ಬಡಾವಣೆಯ ಮೇಲೂ ಒಂದು ಚುಕ್ಕೆ ಬಿದ್ದಿತ್ತು. ತಮ್ಮ ಮನೆಗಳ ಕೆಸರನ್ನು ಇನ್ನೂ ಬಳಿದು ಮುಗಿಸಿರದ ಜನ, ತಮ್ಮದು ಬದುಕಲು ಯೋಗ್ಯವಾದ ಬಡಾವಣೆ ಎಂದು ಸಾಬೀತುಪಡಿಸಬೇಕಾಯಿತು. ಬ್ರಾಡ್‌ಮೂರ್‌ನವರು ಅದನ್ನು ಮಾಡಿದರು. ಅವರ ನಿವಾಸಿಗಳ ಸಂಘ ಹಳೆಯದು. ಆಗ ಅದರ ಅಧ್ಯಕ್ಷೆಯಾಗಿದ್ದವರು ಲಟೋಯಾ ಕ್ಯಾಂಟ್ರೆಲ್, ಮುಂದೆ ನಗರದ ಮೊದಲ ಮಹಿಳಾ ಮೇಯರ್ ಆದವರು. ಅವರು ಬೀದಿಬೀದಿಗೆ ಮುಖ್ಯಸ್ಥರನ್ನು ಗೊತ್ತುಮಾಡಿ, ಚದುರಿದವರನ್ನು ದೂರವಾಣಿಯಲ್ಲಿ ಹುಡುಕಿ, ಹಾರ್ವರ್ಡ್ ವಿಶ್ವವಿದ್ಯಾಲಯದವರ ನೆರವು ಪಡೆದು, ತಮ್ಮದೇ ಯೋಜನೆಯೊಂದನ್ನು ಬರೆದರು. ಅದರ ನಡುಮಧ್ಯೆ ಇಟ್ಟದ್ದು ಎರಡನ್ನು: ರೋಸಾ ಕೆಲ್ಲರ್ ಗ್ರಂಥಾಲಯ ಮತ್ತು ಆ್ಯಂಡ್ರೂ ವಿಲ್ಸನ್ ಶಾಲೆ. ಶಾಲೆ ಇಲ್ಲದ ಬಡಾವಣೆಗೆ ಮಕ್ಕಳಿರುವ ಕುಟುಂಬಗಳು ಹಿಂದಿರುಗುವುದಿಲ್ಲ, ಮಕ್ಕಳಿಲ್ಲದ ಬಡಾವಣೆ ಮತ್ತೆ ಚುಕ್ಕೆಯಾಗುತ್ತದೆ ಎಂಬ ಲೆಕ್ಕ ಅವರಿಗೆ ಖಚಿತವಾಗಿತ್ತು.

ಲೋಯರ್ ನೈನ್ತ್ ವಾರ್ಡಿನಲ್ಲಿ, ಅಂದರೆ ಒಡ್ಡು ಒಡೆದು ಮನೆಗಳೇ ಕೊಚ್ಚಿಹೋದ ಭಾಗದಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಶಾಲೆಗೆ ಬೀಗ ಬಿದ್ದಿತ್ತು. 2006ರ ವಸಂತದಲ್ಲಿ ಸ್ವಯಂಸೇವಕರು ಒಳಹೊಕ್ಕು ಕೆಸರು ಎತ್ತತೊಡಗಿದರು. ಪ್ರಾಂಶುಪಾಲೆ ಡೋರಿಸ್ ಹಿಕ್ಸ್ ಮತ್ತು ಆ ಭಾಗದ ಜನ ಬಿಡಲಿಲ್ಲ. ಚಾರ್ಟರ್ ಪಡೆದು, ಮೊದಲು ಬೇರೆಡೆ ತರಗತಿ ನಡೆಸಿ, 2007ರಲ್ಲಿ ತಮ್ಮದೇ ಕಟ್ಟಡಕ್ಕೆ ಮರಳಿದರು. ಸುತ್ತ ಮನೆಗಳ ತಳಪಾಯ ಮಾತ್ರ ಉಳಿದಿದ್ದ ಬಯಲಿನಲ್ಲಿ ಆ ಶಾಲೆಯೊಂದು ನಡೆಯುತ್ತಿತ್ತು.

ಇನ್ನು ನಮ್ಮ ಮಿಡ್-ಸಿಟಿ. ಇಲ್ಲಿ ಮಾರಿಸ್ ಜೆಫ್ ಎಂಬ ಹೆಸರಿನ ಪ್ರಾಥಮಿಕ ಶಾಲೆಯಿತ್ತು. ವರ್ಣಭೇದದ ದಿನಗಳಲ್ಲಿ ಆಟದ ಮೈದಾನಗಳೂ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ. ಆಗ ಕಪ್ಪು ಮಕ್ಕಳಿಗಾಗಿ ನಗರದ ಕ್ರೀಡೆ-ಮನರಂಜನೆಯ ವಿಭಾಗವನ್ನು ಕಟ್ಟಿ ನಡೆಸಿದ ದೈಹಿಕ ಶಿಕ್ಷಣದ ಶಿಕ್ಷಕ ಈ ಮಾರಿಸ್ ಜೆಫ್. ಆ ಶಾಲೆ ಮತ್ತೆ ತೆರೆಯಲಿ ಎಂದು ಮಿಡ್-ಸಿಟಿ ಮತ್ತು ಬಾಯೂ ಸೇಂಟ್ ಜಾನ್ ಆಸುಪಾಸಿನ ನಿವಾಸಿಗಳು ಒಟ್ಟುಗೂಡಿದರು. ಕಪ್ಪು ಜನ, ಬಿಳಿ ಜನ, ಬಾಡಿಗೆಯವರು, ಸ್ವಂತ ಮನೆಯವರು, ಮಕ್ಕಳಿರುವವರು, ಮಕ್ಕಳು ದೊಡ್ಡವರಾಗಿ ಹೋದವರು. ಅವರ ಮೂಲ ಬೇಡಿಕೆ ಇದ್ದದ್ದು ಶಾಲೆಯೊಂದರ ಬಾಗಿಲು ತೆರೆಯಬೇಕೆಂದು. ಆದರೆ ಆ ಹೊತ್ತಿಗೆ ವ್ಯವಸ್ಥೆಯಲ್ಲಿ ಉಳಿದಿದ್ದ ದಾರಿ ಒಂದೇ: ಲಾಭರಹಿತ ಸಂಸ್ಥೆ ನೋಂದಾಯಿಸಿ, ಚಾರ್ಟರ್‌ಗೆ ಅರ್ಜಿ ಹಾಕಿ.

ಈ ಅರ್ಜಿ ಎಂದರೆ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೊರಗಿನಿಂದ ನೋಡಿದವರಿಗೆ ಅದರ ಭಾರ ತಿಳಿಯುವುದಿಲ್ಲ. ಅದು ಮನವಿಪತ್ರವಲ್ಲ, ನೂರಾರು ಪುಟಗಳ ಕಟ್ಟು. ಮೊದಲ ವರ್ಷ ಯಾವ ಯಾವ ತರಗತಿ, ಪ್ರತಿ ತರಗತಿಗೆ ಎಷ್ಟು ಮಕ್ಕಳು, ಐದನೆಯ ವರ್ಷಕ್ಕೆ ಎಷ್ಟು. ಓದುವುದನ್ನು ಯಾವ ಕ್ರಮದಲ್ಲಿ ಕಲಿಸುತ್ತೀರಿ. ಅಂಗವಿಕಲ ಮಗು ಬಂದರೆ, ಇಂಗ್ಲಿಷ್ ಬಾರದ ಮಗು ಬಂದರೆ ಏನು ಮಾಡುತ್ತೀರಿ. ಹೊಡೆದಾಡಿದ ಹುಡುಗನಿಗೆ ಶಿಕ್ಷೆ ಏನು, ಮೇಲ್ಮನವಿ ಯಾರಿಗೆ. ಬಸ್ಸು ಯಾರದು, ಮಧ್ಯಾಹ್ನದ ಊಟ ಯಾರದು, ವಿಮೆ ಎಷ್ಟು. ತಿಂಗಳು ತಿಂಗಳಿನ ನಗದಿನ ಲೆಕ್ಕ. ಮಂಡಳಿಯ ಉಪನಿಯಮಗಳು, ಪ್ರತಿ ಸದಸ್ಯರ ಹಿನ್ನೆಲೆ. ಇಷ್ಟೂ ಆದ ಮೇಲೆ ಹೊರಗಿನ ಪರಿಣತರು ಅದನ್ನು ಓದಿ, ಗುಂಪನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ; ಆಗ ಕೊನೆಯ ಮಾತು ರಾಜ್ಯದ ಶಿಕ್ಷಣ ಮಂಡಳಿಯದಾಗಿತ್ತು. ಹಗಲು ಆಸ್ಪತ್ರೆಯಲ್ಲಿ, ಹೋಟೆಲಿನಲ್ಲಿ, ಕಚೇರಿಯಲ್ಲಿ ದುಡಿದವರು ರಾತ್ರಿ ಕುಳಿತು ಬರೆಯಬೇಕಾದದ್ದು ಇದನ್ನು. ಅಡುಗೆಮನೆಯ ಮೇಜಿನ ಮೇಲೆ ಒಂದು ಶಿಕ್ಷಣ ಇಲಾಖೆಯನ್ನೇ ಹೊಸದಾಗಿ ಕಟ್ಟಬೇಕು. ಅದರಲ್ಲೂ ಇಲ್ಲಿಯ ಎಷ್ಟೋ ಜನ ಅದೇ ಹೊತ್ತಿನಲ್ಲಿ ತಮ್ಮ ಮನೆಯ ಗೋಡೆಗಳನ್ನೂ ಹೊಸದಾಗಿ ಕಟ್ಟುತ್ತಿದ್ದರು, ವಿಮಾ ಕಂಪನಿಗಳೊಂದಿಗೆ ಬಡಿದಾಡುತ್ತಿದ್ದರು.

ಅರ್ಜಿ ಮಂಜೂರಾದರೂ ಕಟ್ಟಡ ಸಿಗುವ ಭರವಸೆಯಿಲ್ಲ. ಕಟ್ಟಡ ಗೊತ್ತಿಲ್ಲದೆ ಪೋಷಕರು ಹೆಸರು ಬರೆಸುವುದಿಲ್ಲ. ಸಾಕಷ್ಟು ಹೆಸರು ಇಲ್ಲದೆ ಹಣ ಬರುವುದಿಲ್ಲ, ಏಕೆಂದರೆ ರಾಜ್ಯದ ಅನುದಾನ ನಿಂತಿರುವುದು ಅಕ್ಟೋಬರ್ 1ರಂದು ತರಗತಿಯಲ್ಲಿರುವ ಮಕ್ಕಳ ತಲೆ ಎಣಿಕೆಯ ಮೇಲೆ. ಹಾಗಾಗಿ ಇಲ್ಲದ ಶಾಲೆಗೆ ಮಕ್ಕಳನ್ನು ಕೇಳಿಕೊಂಡು ಮನೆಮನೆ ಬಾಗಿಲು ತಟ್ಟಬೇಕು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತ್ಯಂತ ಘನವಾದ ಭಾಗ ಇದೇ. ಗುರುತಿಲ್ಲದ ತಾಯಿಯೊಬ್ಬಳ ಮುಂದೆ ನಿಂತು, ಮುಖ್ಯೋಪಾಧ್ಯಾಯರೂ ಇಲ್ಲದ, ಗಂಟೆಯೂ ಇಲ್ಲದ ಶಾಲೆಗೆ ನಿಮ್ಮ ಮಗುವನ್ನು ಕೊಡಿ, ನನ್ನ ಮಗುವೂ ಅಲ್ಲೇ ಇರುತ್ತದೆ ಎಂದು ಹೇಳುವುದು. ಅದು ಸುಮ್ಮನೆ ಪ್ರಚಾರವಲ್ಲ, ಮಾತು ಕೊಡುವುದು.

2010ರಲ್ಲಿ ಮಾರಿಸ್ ಜೆಫ್ ಕಮ್ಯುನಿಟಿ ಸ್ಕೂಲ್ ತಾತ್ಕಾಲಿಕ ಜಾಗದಲ್ಲಿ ಆರಂಭವಾಯಿತು. ಪೆಟ್ರೀಷಿಯಾ ಪರ್ಕಿನ್ಸ್ ಮೊದಲ ಪ್ರಾಂಶುಪಾಲೆ. 2013ರ ಆರಂಭದಲ್ಲಿ ಸೌತ್ ಲೋಪೆಜ್ ಬೀದಿಯ ಹೊಸ ಕಟ್ಟಡಕ್ಕೆ ಮಕ್ಕಳು ಬಂದರು. ಅದೇ ವರ್ಷ ಅಲ್ಲಿನ ಶಿಕ್ಷಕರು ಸಂಘ ಕಟ್ಟಿಕೊಂಡಾಗ ಶಾಲೆಯ ಮಂಡಳಿ ಅದನ್ನು ಮಾನ್ಯ ಮಾಡಿತು. ಶಿಕ್ಷಕರ ಸಂಘಗಳನ್ನು ದೂರವಿಡುವುದೇ ಸುಧಾರಣೆ ಎನ್ನುತ್ತಿದ್ದ ಆ ದಿನಗಳ ನ್ಯೂ ಆರ್ಲಿಯನ್ಸ್‌ನಲ್ಲಿ ಅದು ಸಣ್ಣ ಸುದ್ದಿಯಲ್ಲ. ಅಕ್ಕೋರು ಈ ಸಂಗತಿಯನ್ನು ನನಗೆ ಹೇಳಿದಾಗ ಅವರ ದನಿ ಗಟ್ಟಿಯಾಯಿತು. ನೆರೆಹೊರೆಯವರೇ ಮಂಡಳಿಯಲ್ಲಿದ್ದರೆ ಶಿಕ್ಷಕರನ್ನು ಎದುರಾಳಿಗಳಂತೆ ಕಾಣಬೇಕಿಲ್ಲ ಎಂಬುದು ಅವರ ವಾದ, ನನ್ನದೂ ಹೌದು. ಶಿಕ್ಷಕಿ ಸಂಜೆ ಅದೇ ಅಂಗಡಿಗೆ ಹಾಲು ತರಲು ಬರುತ್ತಾಳೆ. ಅವಳ ಮನೆಯ ಬಾಡಿಗೆ ಎಷ್ಟು ಏರಿದೆ ಎಂದು ಗೊತ್ತಿರುವವರು ಅವಳ ಸಂಬಳದ ಬಗ್ಗೆ ಬೇರೆಯೇ ರೀತಿ ಯೋಚಿಸುತ್ತಾರೆ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಸಂತೋಷದಿಂದ ನಿಲ್ಲಿಸುತ್ತಿದ್ದೆ. ಆದರೆ ನೆರೆಹೊರೆಯವರು ಶಾಲೆ ತೆರೆಯಬಹುದೆಂದು ಹೇಳಿದ ಅದೇ ವ್ಯವಸ್ಥೆ, ಶಾಲೆಗೂ ನೆರೆಹೊರೆಗೂ ಇದ್ದ ನಂಟನ್ನು ಕಡಿದುಹಾಕಿತು. ಮೊದಲು ಮನೆ ಎಲ್ಲಿದೆ ಎಂಬುದರ ಮೇಲೆ ಮಗುವಿನ ಶಾಲೆ ನಿಶ್ಚಯವಾಗುತ್ತಿತ್ತು. ಚಂಡಮಾರುತದ ನಂತರ ಇಡೀ ನಗರವೇ ಒಂದು ವಲಯ. 2012ರಿಂದ ಒಂದೇ ಅರ್ಜಿಯಲ್ಲಿ ಪೋಷಕರು ಇಷ್ಟದ ಶಾಲೆಗಳನ್ನು ಕ್ರಮವಾಗಿ ಬರೆಯುತ್ತಾರೆ, ಕಂಪ್ಯೂಟರ್ ಹಂಚುತ್ತದೆ. ಹತ್ತಿರದವರಿಗೆ ಒಂದಷ್ಟು ಆದ್ಯತೆ ಇದೆ, ಖಾತರಿಯಿಲ್ಲ. ಇದರ ಹಿಂದಿನ ತರ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಈ ದೇಶದಲ್ಲಿ ವಿಳಾಸ ಎಂದರೆ ಬಹಳ ಸಲ ಬಣ್ಣ, ಬಣ್ಣ ಎಂದರೆ ಬಹಳ ಸಲ ಸಂಪತ್ತು. ವಿಳಾಸದಿಂದಲೇ ಶಾಲೆ ನಿಶ್ಚಯವಾದರೆ ಬಡ ಬಡಾವಣೆಯ ಮಗು ಬಡ ಶಾಲೆಯಲ್ಲೇ ಉಳಿಯುತ್ತದೆ. ಎಲ್ಲ ಬಾಗಿಲುಗಳೂ ಎಲ್ಲರಿಗೂ ತೆರೆದಿರಬೇಕೆಂಬ ಮಾತಿನಲ್ಲಿ ನ್ಯಾಯವಿದೆ. ಆದರೆ ಅದರ ಬೆಲೆಯನ್ನು ನಾನು ದಿನವೂ ಬೆಳಿಗ್ಗೆ ನೋಡುತ್ತೇನೆ. ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ನಮ್ಮ ಮೂಲೆಗೆ ಹಳದಿ ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ. ಪಕ್ಕಪಕ್ಕದ ಮನೆಯ ಮಕ್ಕಳು ಬೇರೆ ಬೇರೆ ಬಸ್ಸು ಹತ್ತಿ ಬೇರೆ ಬೇರೆ ದಿಕ್ಕಿಗೆ ಹೋಗುತ್ತಾರೆ. ಸಂಜೆ ಒಟ್ಟಿಗೆ ಆಡಲು ಅವರಿಗೆ ಒಂದೇ ಮನೆಪಾಠವಿಲ್ಲ, ಬೈಯಲು ಒಬ್ಬರೇ ಮೇಷ್ಟ್ರಿಲ್ಲ. ಒಂದು ಶಾಲೆಗಾಗಿ ಬಾಗಿಲು ತಟ್ಟಿದವರ ಮೊಮ್ಮಗುವಿಗೆ ಆ ಶಾಲೆಯಲ್ಲೇ ಜಾಗ ಸಿಗುತ್ತದೆಂದು ಹೇಳುವಂತಿಲ್ಲ.

ಎರಡನೆಯ ತೊಡಕು ಕರಾರು. ಬ್ರಾಡ್‌ಮೂರ್‌ನ ವಿಲ್ಸನ್ ಶಾಲೆಗೆ ಆದದ್ದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಹಸಿರು ಚುಕ್ಕೆಯನ್ನು ಅಳಿಸಿದ ಜನ 2010ರ ಜನವರಿಯಲ್ಲಿ ನವೀಕರಿಸಿದ ಸುಂದರ ಕಟ್ಟಡಕ್ಕೆ ಮಕ್ಕಳನ್ನು ಕರೆತಂದರು. ನಿವಾಸಿಗಳೇ ಕಟ್ಟಿಕೊಂಡ ಮಂಡಳಿ ಅದನ್ನು ನಡೆಸಿತು. ಆದರೆ ಪರೀಕ್ಷೆಯ ಅಂಕಗಳು ಬೇಕಾದಷ್ಟು ಏರಲಿಲ್ಲ. 2015ರಲ್ಲಿ ಶಾಲೆ ನಗರದ ಇನ್ನೊಂದು ಚಾರ್ಟರ್ ಸಂಸ್ಥೆಯ ಕೈಗೆ ಹೋಯಿತು. ಮಕ್ಕಳಿಗೆ ಒಳ್ಳೆಯದಾಗಲಿಲ್ಲವೆಂದು ನಾನು ಹೇಳುವುದಿಲ್ಲ. ಕಲಿಯದೆ ಕಳೆದ ವರ್ಷ ಮಗುವಿಗೆ ಮರಳಿ ಬರುವುದಿಲ್ಲ, ದೊಡ್ಡವರ ಅಭಿಮಾನಕ್ಕಾಗಿ ಅದನ್ನು ಬಲಿಕೊಡಲಾಗದು. ನಗರದ ಒಟ್ಟಾರೆ ಪರೀಕ್ಷಾ ಫಲಿತಾಂಶ, ಪ್ರೌಢಶಾಲೆ ಮುಗಿಸುವವರ ಪ್ರಮಾಣ, ಕಾಲೇಜಿಗೆ ಹೋಗುವವರ ಪ್ರಮಾಣ ಈ ಸುಧಾರಣೆಯ ವರ್ಷಗಳಲ್ಲಿ ಏರಿವೆ ಎಂದು ಟುಲೇನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಅದನ್ನು ಮರೆಮಾಚಿ ಬರೆಯುವುದು ಅಪ್ರಾಮಾಣಿಕತೆ. ಆದರೂ ನನ್ನ ಪ್ರಶ್ನೆ ಉಳಿಯುತ್ತದೆ. ದಶಕಗಳ ಬಡತನ, ಚಂಡಮಾರುತ, ಚದುರಿದ ಕುಟುಂಬಗಳು, ಹೊಸ ಶಿಕ್ಷಕರು, ಇದೆಲ್ಲದರ ನಡುವೆ ನಿವಾಸಿಗಳ ಗುಂಪೊಂದಕ್ಕೆ ಕೆಲವೇ ವರ್ಷಗಳ ಗಡುವು ಕೊಟ್ಟು, ಅಂಕ ಸಾಲದೆಂದು ಕೀಲಿಕೈ ಕಸಿದುಕೊಳ್ಳುವುದೊಂದೇ ಹೊಣೆಗಾರಿಕೆಯೇ? ಅಂಕ ಸಾಲದ ಶಾಲೆಗೆ ಇನ್ನಷ್ಟು ನುರಿತ ಶಿಕ್ಷಕರನ್ನು ಕಳುಹಿಸುವ, ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಸಂಜೆಯ ಪಾಠಕ್ಕೆ ಹಣ ಕೊಡುವ, ಮಂಡಳಿಯೊಂದಿಗೆ ಕುಳಿತು ತಪ್ಪು ಎಲ್ಲಿದೆ ಎಂದು ಹುಡುಕುವ ಕೆಲಸ ಯಾರದು? ಕರಾರಿಗೆ ಸಹಿ ಹಾಕಿದ ಮೇಲೆ ಸರ್ಕಾರದ ಪಾಲು ಅಂಕ ಎಣಿಸುವುದಷ್ಟೇ ಆಗಬಾರದು.

ನಮ್ಮ ಕಡೆಯ ಸಂಗತಿ ಇಲ್ಲಿ ನೆನಪಾಗುವುದು ಸಹಜ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಮೇಲೆ ಕರ್ನಾಟಕದಲ್ಲಿ 2001ರಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಪ್ರತಿ ಸರ್ಕಾರಿ ಶಾಲೆಯಲ್ಲೂ ಪೋಷಕರದೇ ಬಹುಮತದ ಸಮಿತಿ. ಶಾಲೆ ಇದ್ದೇ ಇರುತ್ತದೆ, ಶಿಕ್ಷಕರ ಸಂಬಳ ಸರ್ಕಾರದ್ದೇ. ಊರಿನವರು ಮಾಡಬೇಕಾದದ್ದು ಕಣ್ಣಿಟ್ಟು ನೋಡುವುದು, ಕೇಳುವುದು. ಅಧಿಕಾರ ಕಡಿಮೆ ನಿಜ. ಎಷ್ಟೋ ಕಡೆ ಸಭೆ ನಡೆಯುವುದು ಪುಸ್ತಕದಲ್ಲಿ ಮಾತ್ರ ಎಂಬುದೂ ನಿಜ. ಇಲ್ಲಿಯ ನಿವಾಸಿಗಳಿಗೆ ಸಿಕ್ಕ ಅಧಿಕಾರ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು, ಶಿಕ್ಷಕರನ್ನು ನೇಮಿಸುವಷ್ಟು. ಆದರೆ ನಮ್ಮ ಸಮಿತಿಯ ಸದಸ್ಯ ಸೋತರೆ ಊರಿಗೆ ಶಾಲೆ ತಪ್ಪಿಹೋಗುವುದಿಲ್ಲ. ಮಕ್ಕಳ ಸಂಖ್ಯೆ ಇಳಿದು ಸರ್ಕಾರಿ ಶಾಲೆಗಳು ಬಾಗಿಲು ಹಾಕಿಕೊಳ್ಳುವಾಗ ಹಳೆಯ ವಿದ್ಯಾರ್ಥಿಗಳು ಹಣ ಹಾಕಿ ವ್ಯಾನ್ ಕೊಂಡು, ಮನೆಮನೆ ಸುತ್ತಿ ದಾಖಲಾತಿ ಹೆಚ್ಚಿಸಿದ ಹಳ್ಳಿಗಳು ದಕ್ಷಿಣ ಕನ್ನಡದಲ್ಲೂ ಉತ್ತರ ಕರ್ನಾಟಕದಲ್ಲೂ ಇವೆ. ಅವರ ಶ್ರಮಕ್ಕೂ ಮಿಡ್-ಸಿಟಿಯವರ ಶ್ರಮಕ್ಕೂ ನನಗೆ ಹೆಚ್ಚು ಅಂತರ ಕಾಣುವುದಿಲ್ಲ. ಎರಡೂ ಕಡೆ ಜನ ಕೇಳುತ್ತಿರುವುದು ಹತ್ತಿರದಲ್ಲಿ ಒಂದು ಒಳ್ಳೆಯ ಶಾಲೆ, ಅದರ ವಿಷಯದಲ್ಲಿ ತಮ್ಮದೊಂದು ಮಾತು. ಒಂದು ಕಡೆ ಶಾಲೆ ಕೊಟ್ಟು ಮಾತನ್ನು ಕಿರಿದುಗೊಳಿಸಿದರು. ಇನ್ನೊಂದು ಕಡೆ ಮಾತು ಬೇಕಿದ್ದರೆ ಶಾಲೆಯನ್ನೂ ನೀವೇ ತನ್ನಿ ಎಂದರು.

ನಾನು ಚಾರ್ಟರ್ ವಿರೋಧಿಯೇ ಎಂದು ಇಲ್ಲಿನ ಗೆಳೆಯರು ಕೇಳುತ್ತಾರೆ. ಅಲ್ಲ. ನನ್ನ ಮಗಳಿಗೆ ಓದಿನ ರುಚಿ ಹತ್ತಿಸಿದ್ದು ಇಂಥ ಶಾಲೆಯೊಂದರ ಶಿಕ್ಷಕರು, ಅದನ್ನು ನಾನು ಮರೆಯುವವಳಲ್ಲ. ನೆರೆಹೊರೆಯವರು ಬರೆದ ಆ ನೂರಾರು ಪುಟಗಳನ್ನು ನಾನು ಗೌರವದಿಂದ ಕಾಣುತ್ತೇನೆ. ನನ್ನ ತಕರಾರು ಇರುವುದು ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದವರ ಬಗ್ಗೆ. ರಾತ್ರಿ ಬಿಡುವಿರುವ, ಇಂಗ್ಲಿಷ್ ಬರವಣಿಗೆ ಬಲ್ಲ, ವಕೀಲರ ಪರಿಚಯವಿರುವ ಜನ ನಾಲ್ಕಾರು ಮಂದಿ ಇದ್ದ ಬಡಾವಣೆಗೆ ಶಾಲೆ ಬಂತು. ಎರಡೆರಡು ಪಾಳಿ ದುಡಿಯುವವರೇ ತುಂಬಿದ ಬಡಾವಣೆಯಲ್ಲಿ ಅಷ್ಟೇ ಆಸೆಯಿದ್ದರೂ ಅರ್ಜಿ ಬರೆಯುವವರಿರಲಿಲ್ಲ. ಅಲ್ಲಿಗೂ ಶಾಲೆ ಬಂದದ್ದುಂಟು, ಆದರೆ ಬೇರೆಲ್ಲೋ ತಯಾರಾದ ಯೋಜನೆಯೊಂದಿಗೆ, ಆ ಬೀದಿಗಳ ಹೆಸರೂ ಗೊತ್ತಿಲ್ಲದ ಮಂಡಳಿಯೊಂದಿಗೆ. ನಿವಾಸಿಗಳ ಉತ್ಸಾಹವನ್ನೇ ಅರ್ಹತೆಯ ಪರೀಕ್ಷೆ ಮಾಡಿದರೆ ಇಂಥ ಅನ್ಯಾಯ ಆಗಿಯೇ ಆಗುತ್ತದೆ.

ಕಾಲ ಸ್ವಲ್ಪ ತಿರುಗಿದೆ. 2016ರ ಕಾನೂನಿನಂತೆ 2018ರ ಜುಲೈನಲ್ಲಿ ನಗರದ ಶಾಲೆಗಳ ಮೇಲ್ವಿಚಾರಣೆ ಮತ್ತೆ ಚುನಾಯಿತ ಸ್ಥಳೀಯ ಮಂಡಳಿಗೆ ಬಂತು. ಶಾಲೆಗಳು ಚಾರ್ಟರ್ ಆಗಿಯೇ ಉಳಿದವು. ಮಂಡಳಿಯೇ ನೇರವಾಗಿ ನಡೆಸುವ ಶಾಲೆ ಮರುವರ್ಷದ ಹೊತ್ತಿಗೆ ಒಂದೂ ಇರಲಿಲ್ಲ. 2024ರ ಆಗಸ್ಟಿನಲ್ಲಿ, ಚಾರ್ಟರ್ ಶಾಲೆಯೊಂದು ಮುಚ್ಚಿದ ಜಾಗದಲ್ಲಿ, ಮಂಡಳಿಯೇ ಒಂದು ಶಾಲೆ ತೆರೆಯಿತು. ಅದಕ್ಕೆ ಲಿಯಾ ಚೇಸ್ ಅವರ ಹೆಸರು. ಅವರು ಡೂಕಿ ಚೇಸ್ ಹೋಟೆಲಿನ ಅಡುಗೆಮನೆಯನ್ನು ದಶಕಗಳ ಕಾಲ ನಡೆಸಿದವರು. ವರ್ಣಭೇದದ ದಿನಗಳಲ್ಲಿ ಕಪ್ಪು ಜನರೂ ಬಿಳಿಯರೂ ಒಂದೇ ಮೇಜಿನಲ್ಲಿ ಕುಳಿತು ಹೋರಾಟದ ಯೋಜನೆ ಹಾಕಲು ಆ ಹೋಟೆಲಿನ ಮಹಡಿಯಲ್ಲಿ ಜಾಗವಿತ್ತು. ಈ ಶಾಲೆಗಾಗಿ ಯಾವ ನೆರೆಹೊರೆಯೂ ನೂರಾರು ಪುಟ ಬರೆಯಬೇಕಾಗಲಿಲ್ಲ. ಅಕ್ಕೋರಿಗೆ ಆ ಸುದ್ದಿ ಓದಿ ಎಷ್ಟು ಸಂತೋಷವಾಯಿತೆಂದರೆ, ಅಲ್ಲಿ ಮಕ್ಕಳಿಗೆ ಓದಿ ಹೇಳಲು ಸ್ವಯಂಸೇವಕರು ಬೇಕೇ ಎಂದು ವಿಚಾರಿಸಿಕೊಡಲು ನನಗೆ ಹೇಳಿದರು.

ನಗರದಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಶಾಲೆಗಳನ್ನು ಮುಚ್ಚುವ, ಕೂಡಿಸುವ ಮಾತು ಮತ್ತೆ ಆರಂಭವಾಗಿದೆ. ಲೂಯಿಸಿಯಾನದಲ್ಲಿ ಪ್ರತಿ ಚಾರ್ಟರ್ ಮಂಡಳಿಯ ಸಭೆಯೂ ಸಾರ್ವಜನಿಕ. ಯಾರು ಬೇಕಾದರೂ ಹೋಗಿ ಕೂರಬಹುದು, ಮಾತನಾಡಲು ಹೆಸರು ಕೊಡಬಹುದು. ನಾನು ಹೋಗುವ ಸಭೆಗಳಲ್ಲಿ ಮುಂದಿನ ಸಾಲು ಬಹಳ ಸಲ ಖಾಲಿ ಇರುತ್ತದೆ. ನಮ್ಮ ಬೀದಿಯ ಕೆಲವರು ಸೇರಿ ಒಂದು ಬೇಡಿಕೆಯನ್ನು ಬರೆದಿದ್ದೇವೆ, ಈ ಸಲ ಅದು ಒಂದೇ ಪುಟದ್ದು: ಯಾವ ಶಾಲೆಯನ್ನು ಮುಚ್ಚುವುದಿದ್ದರೂ ಮೊದಲು ಆ ಬಡಾವಣೆಯಲ್ಲೇ, ದುಡಿಯುವವರು ಬರಬಹುದಾದ ಸಂಜೆಯ ಹೊತ್ತಿನಲ್ಲಿ, ಸಭೆ ಕರೆಯಬೇಕು, ಅಂಕಗಳ ಜೊತೆಗೆ, ಆ ಶಾಲೆಗೆ ನಡೆದು ಬರುವ ಮಕ್ಕಳೆಷ್ಟು ಎಂಬ ಲೆಕ್ಕವನ್ನೂ ಮುಂದಿಡಬೇಕು, ಪ್ರತಿ ಬಡಾವಣೆಯ ಮಗುವಿಗೂ ನಡೆದು ಹೋಗುವಷ್ಟು ದೂರದ ಒಂದು ಶಾಲೆಯಲ್ಲಿ ಖಚಿತವಾದ ಜಾಗವಿರಬೇಕು. ನಗರದ ಚುನಾಯಿತ ಶಾಲಾ ಮಂಡಳಿಯ ಏಳು ಸದಸ್ಯರಿಗೂ ಅದನ್ನು ಕಳುಹಿಸುತ್ತಿದ್ದೇವೆ. ಮೊದಲ ಸಹಿ ಅಕ್ಕೋರದು.